ಕಂಟ್ರೋಲ್ ಉಪ್ಪು

ನಾರಾಯಣಪೇಟೆಯಾಗ ಸ್ಕೂಟಿ ಮ್ಯಾಲೆ ಓಣಿ ಓಣಿ ತಿರುಗಿ ಮಂದಿ ಬಿಪಿ ನೋಡೋದು ನನ್ನ ಕೆಲಸ. ಹೋದ ತಿಂಗಳು ನೇಕಾರರ ಓಣಿಯಾಗ ನಾಗಪ್ಪನ ತೋಳಿಗೆ ಪಟ್ಟಿ ಕಟ್ಟಿದೆ. ಅಂಕಿ ಇನ್ನೂರು ದಾಟಿತ್ತು. ಮಷಿನ್ ಕೆಟ್ಟೈತೇನೋ ಅಂತ ಇನ್ನೊಂದು ತೋಳಿಗೆ ಕಟ್ಟಿದೆ. ಅಲ್ಲೂ ಅಷ್ಟೇ!

"ಗುಳಿಗಿ ಬಿಟ್ಟೀರೇನ್ರಿ?"

"ಒಂದಿನಾನೂ ಬಿಟ್ಟಿಲ್ರಿ ಮೇಡಂ," ಅಂದ ನಾಗಪ್ಪ, ಮಗ್ಗದ ಮುಂದ ಕುಂತಲ್ಲಿಂದನ.

"ಮತ್ತ ಉಪ್ಪು?"

ಅವನ ಹೆಂಡತಿ ಸಿದ್ದಮ್ಮ ಒಳಗಿಂದ ಉಪ್ಪಿನ ಡಬ್ಬಿ ಹಿಡಕೊಂಡೇ ಬಂದಳು. "ನೀವು ಹೇಳಿದಂಗ ಕಂಟ್ರೋಲ್ ಉಪ್ಪೇ ರೀ. ಬ್ಯಾರೇದು ಮುಟ್ಟೇ ಇಲ್ಲ. ಔಷಧ ಅಂತ ಸಾರಿಗೆ ಒಂದು ಚಮಚ ಜಾಸ್ತೀನೇ ಹಾಕ್ತೀನಿ."

ನಮ್ಮ ಕಡೆ ರೇಷನ್ ಅಂಗಡಿಗೆ ಕಂಟ್ರೋಲ್ ಅಂತಾರ. 'ಉಪ್ಪು ಕಂಟ್ರೋಲ್ ಮಾಡ್ರಿ, ಇಲ್ಲಂದ್ರ ಲಕ್ವಾ ಹೊಡೀತೈತಿ' ಅಂತ ಹೇಳಿದಾಕಿ ನಾನೇ. ಆಕಿ ತಿಳಕೊಂಡಿದ್ದು ರೇಷನ್ ಅಂಗಡಿ ಉಪ್ಪು!

"ನಮ್ಮನ್ಯಾಗ ಅಷ್ಟೇ ಅಲ್ರಿ," ಅಂದಳು ಹೆಮ್ಮಿಯಿಂದ. "ಓಣಿಗೆಲ್ಲ ಹೇಳೀನಿ. ಎಲ್ಲಾರೂ ಈಗ ಅದನ್ನೇ ತಿಂತಾರ."

ಮೊದಲು ಗಂಡ ಹೆಂಡ್ತಿ ಇಬ್ಬರನ್ನೂ ಆಟೋ ಹತ್ತಿಸಿ ದವಾಖಾನಿಗೆ ಕಳಿಸಿದೆ. ಆಮ್ಯಾಲೆ ಸ್ಕೂಟಿ ಅಲ್ಲೇ ನಿಲ್ಲಿಸಿ, ಒಂದು ಮನಿನೂ ಬಿಡದಂಗ ಬಾಗಿಲು ಬಡದೆ. "ಯಾವ ಉಪ್ಪಾದ್ರೂ ಉಪ್ಪೇ ರೀ, ಕಮ್ಮಿ ತಿನ್ರಿ!" ಬಿಸಲಾಗ ಮೂರು ತಾಸು ಇದೇ ಮಾತು.

ದಿನಾ ನಡೀರಿ, ಲಕ್ವಾ ಹತ್ರ ಸುಳಿಯೋದಿಲ್ಲ ಅಂತ ಊರಿಗೆಲ್ಲ ಹೇಳಾಕಿ ನಾನು. ಸ್ಕೂಟಿ ಬಿಟ್ಟು ಆ ಮಾತು ನಾನೇ ಪಾಲಿಸಿದ್ದು ಅವತ್ತೇ ಮೊದಲು.