ದೊಡ್ಡಮ್ಮನ ತಲೆನೋವಿನ ಗುಳಿಗೆ

ನಮ್ಮ ಗಿರಿಜ ದೊಡ್ಡಮ್ಮ ತಲೆನೋವಿನ ಗುಳಿಗೆಯನ್ನು ಚಹಾದ ಜೊತೆ ತಿನ್ನುತ್ತಿದ್ದರು. ನಾವೆಲ್ಲ ಬಿಸ್ಕೀಟು ತಿಂದ ಹಾಗೆ!

ಎಪ್ಪತ್ತರ ದಶಕದ ನ್ಯಾಮತಿ. ದೊಡ್ಡಮ್ಮ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದರು. ಬೀದಿಯ ಹೆಂಗಸರ ಜಂಪರುಗಳೆಲ್ಲ (ಬ್ಲೌಸ್ ಅನ್ನುವ ಮಾತು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ) ಅವರ ಕೈಯಲ್ಲೇ ಆಗಬೇಕು. ಮಧ್ಯಾಹ್ನವಾಯಿತೆಂದರೆ ಹಣೆ ಒತ್ತಿಕೊಳ್ಳುವರು. ಗುಳಿಗೆ ಸಿಗುತ್ತಿದ್ದುದೆಲ್ಲಿ? ಮೆಡಿಕಲ್ ಶಾಪಿನಲ್ಲಲ್ಲ, ಕಿರಾಣಿ ಅಂಗಡಿಯಲ್ಲಿ, ಬೆಲ್ಲದ ಪಕ್ಕ! ಸೆರಗಿನ ಗಂಟಿನಲ್ಲಿ ಸದಾ ಇರುತ್ತಿತ್ತು. ಕೇಳಿದವರಿಗೂ ಕೊಡುವರು. "ತಗಳೇ, ಏನೂ ಆಗಲ್ಲ."

ಒಂದು ವರ್ಷ ಗೌರಿ ಹಬ್ಬ ಹತ್ತಿರ ಬಂದಿತ್ತು. ಹೊಲಿಯುವ ಬಟ್ಟೆ ರಾಶಿ ಬಿದ್ದಿತ್ತು. ದೊಡ್ಡಮ್ಮ ಊಟ ಮರೆತರು, ಗುಳಿಗೆ ಮರೆಯಲಿಲ್ಲ. ಒಂದು ಬೆಳಿಗ್ಗೆ ಮಷಿನ್ ಬಿಟ್ಟು ಎದ್ದವರೇ ಗೋಡೆ ಹಿಡಿದು ಕಪ್ಪಗೆ ವಾಂತಿ ಮಾಡಿಕೊಂಡರು. ರಕ್ತ.

ದೊಡ್ಡಪ್ಪ ಅವರನ್ನು ಶಿವಮೊಗ್ಗದ ಬಸ್ಸಿಗೆ ಹತ್ತಿಸಿ ತಾವೂ ಹತ್ತಿದರು. ಕಾಲೇಜಿಗೆ ಚಕ್ಕರ್ ಹಾಕಿ ನಾನೂ ಹೋದೆ. ಸವಳಂಗ ದಾಟಿದರೂ ದೊಡ್ಡಮ್ಮ ನನ್ನ ಭುಜಕ್ಕೆ ಒರಗಿಯೇ ಇದ್ದರು. ಬಾಯಿ ಮುಚ್ಚಿ ಗೊತ್ತೇ ಇಲ್ಲದ ಹೆಂಗಸು ಒಂದು ಮಾತೂ ಆಡಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ದಿನಾ ಏನಾದ್ರೂ ಔಷಧಿ ತಗೊಳ್ತೀರೇನಮ್ಮ?"

"ಇಲ್ಲ ಸಾರ್."

"ಗುಳಿಗೆ ತಿಂತೀಯಲ್ಲೇ, ಹೇಳು!" ದೊಡ್ಡಪ್ಪ ಗದರಿದರು.

"ಅದೇನ್ ಔಷಧೀನೇನ್ರೀ? ಕಿರಾಣಿ ಅಂಗಡೀಲಿ ಸಿಗತೈತೆ!"

ಡಾಕ್ಟರಿಗೆ ಅರ್ಥವಾಗಿಹೋಯಿತು. ಖಾಲಿ ಹೊಟ್ಟೆಗೆ ಬಿದ್ದ ಗುಳಿಗೆಗಳು ಒಳಗೆ ಹುಣ್ಣು ಮಾಡಿದ್ದವು. ರಕ್ತ ಕೊಡಬೇಕಾಯಿತು. ದೊಡ್ಡಪ್ಪ ವಾರ್ಡಿನ ಹೊರಗೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೊಡ್ಡಮ್ಮ ಉಳಿದರು.

ಮನೆಗೆ ಕಳಿಸುವ ದಿನ ಡಾಕ್ಟರು, "ಅಲ್ಲಮ್ಮ, ಆ ತಲೆನೋವು ಬರೋದಾದ್ರೂ ಯಾವಾಗ?" ಎಂದರು.

"ಹೊಲಿಯಾಕೆ ಕುಂತಾಗ ಸಾರ್. ಸೂಜಿ ಕಣ್ಣೇ ಕಾಣಂಗಿಲ್ಲ."

ಕಣ್ಣು ಪರೀಕ್ಷೆಯಾಯಿತು. ಕನ್ನಡಕ ಬಂತು. "ಟೀಚರಮ್ಮ ಬಂದ್ಲು ಅಂತ ಆಡಿಕೊಳ್ತಾರೆ" ಎಂದು ನಾಚಿಕೊಂಡೇ ಹಾಕಿಕೊಂಡರು. ತಲೆನೋವು ಹೋಯಿತು! (ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ, ನೋಡಿ.)

ಆಮೇಲೆ ಯಾರಾದರೂ ಗುಳಿಗೆ ಕೇಳಿಕೊಂಡು ಬಂದರೆ, "ಉಂಡೀಯೇನೇ? ಮೊದಲು ಉಣ್ಣು. ನಾಳೆನೂ ನೋವಿದ್ರೆ ಡಾಕ್ಟರ ಹತ್ರ ಹೋಗು" ಎಂದು ತಟ್ಟೆ ಇಟ್ಟೇ ಬಿಡುತ್ತಿದ್ದರು. ಆ ಅಡುಗೆಮನೆಯಲ್ಲಿ ಎಷ್ಟು ಹೆಂಗಸರ ತಲೆನೋವು ಬಿಸಿ ರೊಟ್ಟಿಗೇ ವಾಸಿಯಾಯಿತೋ!

ದೊಡ್ಡಮ್ಮ ಈಗಿಲ್ಲ. ನಾವು ಅವರಿಗಿಂತ ಜಾಸ್ತಿ ಓದಿದವರು. ಆದರೂ ತಲೆ ಯಾಕೆ ನೋಯುತ್ತಿದೆ ಎಂದು ಕೇಳಿಕೊಳ್ಳುವ ಮೊದಲೇ ಅಂಗಡಿಗೆ ಓಡುತ್ತೇವಲ್ಲ, ಯಾಕೆ?