ಅಮ್ಮನ ಗುಡಿಯ ಟೇಬಲ್ ಫ್ಯಾನು

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನಗೆ ಸಿರಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಮಾಡಿದವರಿಗೆ ಲೈನ್ ಕೊಡುವ ಆಪರೇಟರ್ ಕೆಲಸ ಸಿಕ್ಕಿತು. ಸಿಕ್ಕಿತು ಅಂದರೆ ಆರ್ಡರು ಬಂತು, ಅಷ್ಟೇ. ನಮ್ಮವ್ವ ಬಿಡಬೇಕಲ್ಲ! ಐ.ಡಿ.ಹಳ್ಳಿ ಕಡೆಯ ನಮ್ಮೂರಿನಿಂದ ಯಾವ ಹುಡುಗಿಯೂ ಅಂಥ ಕೆಲಸಕ್ಕೆ ಹೋದವಳಲ್ಲ.

"ಗುರ್ತು ಪರ್ಚಯ ಇಲ್ದೋರ್ಗೆಲ್ಲ ಹಲೋ ಅನ್ಕಂಡು ಕುಂತ್ಕಳಾದು ಒಂದು ಕೆಲ್ಸಾನಾ? ಅಮ್ಮನ್ನ ಕೇಳಾನ. ಹೂ ಕೊಟ್ರೆ ಹೋಗು, ಇಲ್ದಿದ್ರೆ ತೆಪ್ಪಗೆ ಮನೇಲಿರು" ಎಂದುಬಿಟ್ಟಳು.

ಹೂ ಕೇಳುವುದೆಂದರೆ ಊರಮ್ಮನ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಬೋರ್‌ವೆಲ್ ಕೊರೆಸುವುದು, ಹೆಣ್ಣು ತರುವುದು, ಎಮ್ಮೆ ಮಾರುವುದು ಎಲ್ಲಕ್ಕೂ ಇದೇ ದಾರಿ. ಹಿಂದೆಲ್ಲ ಹೂ ಬೀಳುವಷ್ಟರಲ್ಲಿ ಕೂತವರ ಕಾಲು ಜೋಮು ಹಿಡಿಯುತ್ತಿತ್ತು. ಆ ವರ್ಷ ಮಾತ್ರ ಕೇಳಿದ ತಕ್ಷಣ ಬೀಳುತ್ತಿತ್ತು. "ಅಮ್ಮ ಚುರುಕಾಗವ್ಳೆ" ಎಂದು ಊರೇ ಹಿಗ್ಗುತ್ತಿತ್ತು.

ಚುರುಕಾಗಿದ್ದು ಅಮ್ಮನಲ್ಲ, ನಮ್ಮ ದೊಡ್ಡಪ್ಪನ ಫ್ಯಾನು. ದೊಡ್ಡಪ್ಪ ರಿಟೈರಾದ ಮೇಷ್ಟರು, ಅವರ ತಲೆಗೆ ಸಮಗ್ರ ದರ್ಶನ ಹೊಕ್ಕಿತ್ತು. ಕಲ್ಲು, ಗಿಡ, ಕುರಿ, ಮನುಷ್ಯ ಎಲ್ಲ ಒಂದೇ ಏಣಿಯ ಮೆಟ್ಟಿಲು, ಮುಂದಿನ ಮೆಟ್ಟಿಲಲ್ಲಿ ಮನುಷ್ಯನೂ ಯಂತ್ರವೂ ದೇವರೂ ಒಂದಾಗಿಬಿಡುತ್ತಾರೆ, ಆಗ ಯಾರೂ ಯಾರ ಮೇಲೂ ಕೂಗಾಡುವುದಿಲ್ಲ ಎಂದು ಎಲ್ಲರ ಮೇಲೂ ಕೂಗಾಡುತ್ತಿದ್ದರು. ಆ ಮೆಟ್ಟಿಲು ಹತ್ತಲು ಊರಿಗೆ ಸಹಾಯವಾಗಲೆಂದು ಕೊರಟಗೆರೆಯಿಂದ ಟೇಬಲ್ ಫ್ಯಾನೊಂದನ್ನು ಪ್ರೈವೇಟ್ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಗುಡಿಗೆ ಕೊಟ್ಟಿದ್ದರು. ಅದು ಕತ್ತು ತಿರುಗಿಸುವ ಫ್ಯಾನು. ಪೂಜಾರಿ ಅದಕ್ಕೂ ಕುಂಕುಮವಿಟ್ಟು, ಹಾರ ಹಾಕಿ, ಅಮ್ಮನಿಗೆ ಚಾಮರ ಸೇವೆ ಎಂದು ಗರ್ಭಗುಡಿಯ ಬಾಗಿಲಲ್ಲೇ ಇಟ್ಟಿದ್ದ. ಪೂಜೆ ಮುಗಿಯುವತನಕ ಚಾಮರ ನಿಲ್ಲಿಸುವಂತಿಲ್ಲ.

ನಮ್ಮಣ್ಣ ಮೈಸೂರಿನಲ್ಲಿ ಫಿಲಾಸಫಿ ಎಂ.ಎ. ಮುಗಿಸಿ, ಗಡ್ಡ ಬಿಟ್ಟುಕೊಂಡು ಆಧುನಿಕೋತ್ತರನಾಗಿ ಬಂದಿದ್ದ. ಸತ್ಯ ಅನ್ನುವುದೇ ಇಲ್ಲ, ಇರುವುದೆಲ್ಲ ಕತೆ, ಅಮ್ಮನೂ ಕತೆ, ದೊಡ್ಡಪ್ಪನ ಏಣಿಯೂ ಕತೆ ಎನ್ನುತ್ತಿದ್ದ.

"ಅಂಗಾರೆ ಮುದ್ದೇನೂ ಕತೇನೇ ಕಣ್ಲಾ. ಇವತ್ತು ಕತೇನೇ ಉಣ್ಣು" ಎಂದು ಅವ್ವ ಅವನ ತಟ್ಟೆ ಎತ್ತಿಟ್ಟಳು. ಸತ್ಯವಾದ ಮುದ್ದೆಗಾಗಿ ಅವನು ಪಕ್ಕದ ಮನೆಗೆ ಹೋದ.

ಹೂ ಕೇಳುವ ದಿನ ಗುಡಿ ತುಂಬ ಜನ. ಪೂಜಾರಿ ಹೂ ಅಂಟಿಸಿ ಫ್ಯಾನು ಹಾಕಿದ. ನಾನು ಅಮ್ಮನ ಮುಖ ನೋಡುವುದು ಬಿಟ್ಟು ಫ್ಯಾನಿನ ಕತ್ತು ನೋಡುತ್ತ ಕೂತೆ. ಅದು ಬಲಕ್ಕೆ ಬಂದಾಗ ಸಿರಾ ಬಸ್ಸು ಹತ್ತಿದಂತಾಗುತ್ತಿತ್ತು, ಎಡಕ್ಕೆ ಹೋದಾಗ ಇಳಿದಂತೆ. ಆ ಹಾಳು ಫ್ಯಾನು ಎಡಗಡೆಯೇ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಎಡಗಡೆಯ ಹೂ ಅಲ್ಲಾಡತೊಡಗಿತು.

"ಅಣ್ಣಾ, ಇದು ಗಾಳಿ ಕಣೋ, ಹೇಳೋ!" ಎಂದು ತಿವಿದೆ.

"ಗಾಳಿಯೂ ಒಂದು ವ್ಯಾಖ್ಯಾನ" ಎಂದ ಪಾಪಿ.

"ಗಾಳೀನೂ ಆಕೇದೇ, ಕರೆಂಟೂ ಆಕೇದೇ! ಸುಮ್ಕಿರ್ರಿ!" ಎಂದು ದೊಡ್ಡಪ್ಪ ಗದರಿದರು.

ಅಷ್ಟರಲ್ಲಿ ಫ್ಯಾನಿನ ಕೊರಳಿನ ಹಾರ ಜಾರಿ ರೆಕ್ಕೆಗೆ ಸಿಕ್ಕಿಕೊಂಡಿತು. ಟರ್ರೋ ಎಂದು ಸದ್ದಾಗಿ ಚೆಂಡುಹೂ, ಕನಕಾಂಬರ, ದಾರದ ತುಂಡು ಎಲ್ಲವೂ ಗುಡಿಯೊಳಗೆ ಎರಚಾಡಿದವು. ಪಾವಗಡದ ಕಡೆಯ ಪೂಜಾರಿ ಗಾಬರಿಯಲ್ಲಿ ಕನ್ನಡ ಮರೆತು ತೆಲುಗಿನಲ್ಲಿ "ತಲ್ಲೀ! ಏಮಿ ಇದಿ!" ಎಂದು ಕಂಬ ತಬ್ಬಿಕೊಂಡ. ದೊಡ್ಡಪ್ಪನ ಬೋಳುತಲೆಗೂ ಅಣ್ಣನ ಗಡ್ಡಕ್ಕೂ ಹೂ ಅಂಟಿತು. ಫ್ಯಾನು ಹೊಗೆ ಬಿಟ್ಟು ನಿಂತಿತು. ಅಮ್ಮನ ಭುಜದ ಹೂಗಳು ಮಾತ್ರ ಎರಡೂ ಅಲ್ಲೇ ಇದ್ದವು.

"ಎಲ್ಲಾ ದಿಕ್ಕಿಗೂ ಹೂ ಕೊಟ್ಲು! ಸಮಗ್ರ!" ಎಂದು ದೊಡ್ಡಪ್ಪ ಕುಣಿದರು. ಹೂವಿಗೊಂದು ಅರ್ಥ ಎಂದು ಅಣ್ಣ ಶುರು ಮಾಡಿದ. ಇಬ್ಬರೂ ಜಗಳಕ್ಕೆ ನಿಂತರು. ನನಗೆ ಅಳು ಬಂತು. ಇವರಿಬ್ಬರ ಮನುಕುಲದ ಭವಿಷ್ಯದಲ್ಲಿ ನನ್ನದೊಂದು ಬಸ್ಸಿಗೆ ಜಾಗವಿರಲಿಲ್ಲ.

ಅವ್ವ ಮಾತ್ರ ಸೆರಗು ನೋಡಿಕೊಳ್ಳುತ್ತಿದ್ದಳು. ಅಲ್ಲೊಂದು ಇಡೀ ಚೆಂಡುಹೂ ಬಿದ್ದಿತ್ತು.

"ಭಾವ, ಸಾಕ್ಮಾಡಿ" ಎಂದಳು ದೊಡ್ಡಪ್ಪನಿಗೆ. "ಹೂ ನನ್ ಮಡ್ಲಿಗೆ ಬಿದ್ದೈತೆ. ನೀನೇ ಹೇಳು ಅಂತ ಅಮ್ಮ ನನ್ನೇ ಕೇಳವ್ಳೆ."

ಜಗಳ ನಿಂತಿತು. ಪೂಜಾರಿಯೂ ಕಂಬ ಬಿಟ್ಟು ಇತ್ತ ತಿರುಗಿದ. ಅವ್ವ ಆ ಹೂ ಕೈಗೆತ್ತಿಕೊಂಡಳು. ಊಹೂಂ ಅನ್ನುತ್ತಾಳೆಂದೇ ನಾನು ತಲೆ ತಗ್ಗಿಸಿದೆ.

"ಆ ಫೋನ್ನಾಗೆ ಮಾತಾಡೋರ ಮಕ ಕಾಣ್ಸಕಿಲ್ಲ ಅಲ್ವೇನೇ?" ಎಂದು ಕೇಳಿದಳು.

"ಇಲ್ಲ ಕಣವ್ವ."

"ಅಳ್ತಾ ಇದ್ರೆ ಗೊತ್ತಾಯ್ತದಾ?"

"ದನೀಲಿ ಗೊತ್ತಾಯ್ತದೆ."

ಅವ್ವ ಆ ಹೂವನ್ನು ನನ್ನ ಜಡೆಗೆ ಸಿಕ್ಕಿಸಿದಳು.

"ಅಂಗಾರೆ ಹೋಗು. ಅಳೋರ್ಗೆ ಮೊದ್ಲು ಲೈನ್ ಕೊಡು."