ಕಥೆ ಒಪ್ಪಿಸುವ ಶನಿವಾರ

ಹದಿನೈದನೆಯ ವಯಸ್ಸಿನಲ್ಲಿ ನಾನು ಕೆಟ್ಟ ಹುಡುಗಿಯಾಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಓದುವವರು ಸುಮ್ಮನೆ ಎರಡು ಪುಟ ನನ್ನ ಮೇಲೆ ಪ್ರೀತಿ ಇಟ್ಟುಕೊಳ್ಳುತ್ತಾರೆ. ಪುಸ್ತಕ ಓದುವ ಮಕ್ಕಳು ಒಳ್ಳೆಯವರಾಗುತ್ತಾರೆ ಎಂದು ಸಭೆಗಳಲ್ಲಿ ಯಾರಾದರೂ ಭಾಷಣ ಬಿಗಿದರೆ ನನಗೆ ನಗು ಬರುತ್ತದೆ. ಶನಿವಾರಸಂತೆಯ ಲೈಬ್ರರಿಯಲ್ಲಿ ನನ್ನಷ್ಟು ಓದಿದ ಹುಡುಗಿ ಇನ್ನೊಬ್ಬಳಿರಲಿಲ್ಲ. ನನ್ನಷ್ಟು ಹೊಟ್ಟೆಕಿಚ್ಚಿನವಳೂ ಇರಲಿಲ್ಲ.

ಕೊಡಗಿಗೆ ತನ್ನದೇ ಸರ್ಕಾರವಿದ್ದ, ಮಂತ್ರಿಗಳು ಮಡಿಕೇರಿಯಲ್ಲೇ ಕೂರುತ್ತಿದ್ದ ವರ್ಷಗಳು ಅವು. ನಮ್ಮ ಲೈಬ್ರರಿ ಸಂತೆ ಮೈದಾನದ ತುದಿಯಲ್ಲಿತ್ತು. ಹೆಂಚಿನ ಒಂದು ಕೋಣೆ, ಗಾಜಿನ ಬಾಗಿಲಿನ ಎರಡು ಬೀರು, ಒಂದು ಉದ್ದನೆಯ ಮೇಜು, ಮುಂದೊಂದು ಜಗಲಿ. ಊರಿನ ನಾಲ್ಕಾರು ಜನ ಸೇರಿ ನಡೆಸುತ್ತಿದ್ದ ಲೈಬ್ರರಿ ಅದು. ಏಲಕ್ಕಿ ವ್ಯಾಪಾರಿಯಾಗಿದ್ದ ನನ್ನ ಅಪ್ಪ ಕಮಿಟಿಗೆ ಅಧ್ಯಕ್ಷರು. ಬೀಗದ ಕೈ ಇದ್ದದ್ದು ಶಾಲೆಯಿಂದ ನಿವೃತ್ತರಾದ ಒಬ್ಬ ಮೇಷ್ಟ್ರ ಹತ್ತಿರ. ಆ ಕೆಲಸ ಅಪ್ಪ ಕೊಡಿಸಿದ್ದು, ಮೇಷ್ಟ್ರ ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಮೇಷ್ಟ್ರು ಒಂದು ಕಾನೂನು ಮಾಡಿದ್ದರು. ಹದಿನೆಂಟು ತುಂಬದವರು ಒಂದು ಪುಸ್ತಕ ಓದಿ ಮುಗಿಸಿದರೆ, ಅದರ ಕಥೆಯನ್ನು ಮಗ್ಗಿ ಒಪ್ಪಿಸುವ ಹಾಗೆ ಎಲ್ಲರೆದುರು ನಿಂತು ಒಪ್ಪಿಸಬೇಕು. ಸರಿಯಾಗಿ ಒಪ್ಪಿಸಿದರೆ ಮುಂದಿನ ಪುಸ್ತಕ. ತಡವರಿಸಿದರೆ ಅದೇ ಪುಸ್ತಕ ಇನ್ನೊಂದು ವಾರ. ಓದದೆಯೇ ಓದಿದೆನೆಂದು ಸುಳ್ಳು ಹೇಳಿದರೆ, ಅಥವಾ ಪುಸ್ತಕ ಹಾಳು ಮಾಡಿದರೆ, ಕಾರ್ಡು ರದ್ದು. ಒಪ್ಪಿಸುವುದು ಶನಿವಾರ ಮಧ್ಯಾಹ್ನ, ಏಕೆಂದರೆ ಸುತ್ತಲಿನ ಹಳ್ಳಿಗಳ ಮಕ್ಕಳು ಊರಿಗೆ ಬರುತ್ತಿದ್ದದ್ದು ಸಂತೆಯ ದಿನವೇ. ಬರಬರುತ್ತ ಸಂತೆಗೆ ಬಂದವರಿಗೂ ಇದರ ರುಚಿ ಹತ್ತಿತು. ಸೊಪ್ಪು ಮಾರಿ ಮುಗಿಸಿದ ಹೆಂಗಸರು ಖಾಲಿ ಬುಟ್ಟಿ ಮಗುಚಿ ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಅಕ್ಷರ ಬಾರದವರಿಗೆಲ್ಲ ಅದೇ ನಾಟಕ, ಅದೇ ಹರಿಕಥೆ.

ಆ ಜಗಲಿಯ ರಾಣಿ ನಾನು. ದನಿ ಏರಿಸಿ, ಇಳಿಸಿ, ಅಳಬೇಕಾದ ಕಡೆ ನಿಲ್ಲಿಸಿ, ನಾನು ಕಥೆ ಹೇಳುತ್ತಿದ್ದರೆ ಪಕ್ಕದ ಅಂಗಡಿಯವನು ತಕ್ಕಡಿ ಕೆಳಗಿಡುತ್ತಿದ್ದ. ನನ್ನ ಸುತ್ತ ನಾಲ್ಕು ಜನ ಹುಡುಗಿಯರ ದಂಡಿತ್ತು. ಬೇರೆಯವರು ಒಪ್ಪಿಸುವಾಗ ಮುಂದಿನ ಬೆಂಚಿನಲ್ಲಿ ಕೂತು ಮುಸಿಮುಸಿ ನಗುವುದು ನಮ್ಮ ಕೆಲಸ. ತೊದಲುವ ಹುಡುಗನೊಬ್ಬ ಬರುತ್ತಿದ್ದ. ಅವನು ಎಷ್ಟು ಸಲ ತೊದಲಿದ ಎಂದು ಮಡಿಲಲ್ಲಿ ಹುಣಸೆಬೀಜ ಹಾಕಿಕೊಂಡು ಎಣಿಸುತ್ತಿದ್ದೆವು, ಬೀಜದ ಸದ್ದು ಅವನಿಗೆ ಕೇಳುವ ಹಾಗೆ. ನಾಲ್ಕು ಶನಿವಾರ ಬಂದ. ಐದನೆಯ ಶನಿವಾರ ಅವನ ತಮ್ಮ ಬಂದು ಪುಸ್ತಕ ವಾಪಸು ಕೊಟ್ಟು ಹೋದ. ನಮಗೆ ಅದೂ ಒಂದು ಗೆಲುವೇ.

ಆಮೇಲೆ ಅವಳು ಬಂದಳು. ನನಗಿಂತ ಒಂದು ವರ್ಷ ಚಿಕ್ಕವಳು, ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಕೂಲಿಗಳಿರುವ ಲೈನುಮನೆಯ ಹುಡುಗಿ. ಮನೆಮಾತು ತಮಿಳು. ಐದನೆಯ ಕ್ಲಾಸಿಗೆ ಶಾಲೆ ಬಿಡಿಸಿ ತಾಯಿಯ ಜೊತೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹಾಕಿದ್ದರು. ಲೈಬ್ರರಿಯ ಕಾರ್ಡಿಗೆ ಊರಿನವರು ಯಾರಾದರೂ ಜಾಮೀನು ನಿಲ್ಲಬೇಕಿತ್ತು. ಎಸ್ಟೇಟಿನ ರೈಟರು, ಅಂದರೆ ಹಾಜರಿ ಬರೆಯುವ ಗುಮಾಸ್ತರು, ಯಾವ ಒಳ್ಳೆಯ ಗಳಿಗೆಯಲ್ಲೋ ಸಹಿ ಹಾಕಿದ್ದರು. ಆ ಕಾರ್ಡನ್ನು ಅವಳು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಶಾಲೆ ಮುಗಿದುಹೋಗಿದ್ದ ಅವಳಿಗೆ ಓದಿಗೆ ಉಳಿದಿದ್ದ ದಾರಿ ಅದೊಂದೇ.

ಅವಳ ಕನ್ನಡ ಕೇಳಿ ಮೊದಲ ದಿನ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು. ಅದು ನನಗೆ ಹಿಡಿಸಲಿಲ್ಲ. ಆಮೇಲೆ ಕಥೆ ಶುರು ಮಾಡಿದಳು. ಕೈ ಬೀಸಲಿಲ್ಲ, ದನಿ ಏರಿಸಲಿಲ್ಲ. ನಿನ್ನೆ ಪಕ್ಕದ ಮನೆಯಲ್ಲಿ ನಡೆದದ್ದನ್ನು ಹೇಳುವ ಹಾಗೆ ಹೇಳಿದಳು. ಜಗಲಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಎರಡು ತಿಂಗಳು ಕಳೆಯುವಷ್ಟರಲ್ಲಿ ನನ್ನ ಪಟ್ಟ ಹೋಗಿತ್ತು. ಒಂದು ಶನಿವಾರ ಅವಳು ಬರುವ ಎಸ್ಟೇಟಿನ ಲಾರಿ ತಡವಾಯಿತು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. ಸೊಪ್ಪಿನ ಮುದುಕಿಯೊಬ್ಬಳು ನನ್ನ ಮುಖಕ್ಕೇ ಕೇಳಿದಳು:

"ಆ ಲೈನಿನ್ ಮಗ ಬರನಿಲ್ವಾ ಇವತ್ತು? ಅದು ಬರಾಗಂಟ ನಾನು ಒಂದ್ ಸುತ್ತು ಹೋಗ್‌ಬತ್ತೀನಿ ಕನವ್ವ."

ಎದ್ದು ಹೋಗಿಯೇ ಬಿಟ್ಟಳು. ಅವಳ ಹಿಂದೆ ಇನ್ನೂ ಮೂವರು ಎದ್ದರು. ಮೈಗೆ ಬೆಂಕಿ ಇಟ್ಟ ಹಾಗಾಯಿತು. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಹೊಸ ಪುಸ್ತಕಗಳ ಕಟ್ಟು ಮೈಸೂರಿನಿಂದ ಬಸ್ಸಿನಲ್ಲಿ ಬಂದರೆ ಮೊದಲು ಇಳಿಯುತ್ತಿದ್ದದ್ದು ನಮ್ಮ ಮನೆಯಲ್ಲಿ. ಅವುಗಳಿಗೆ ಕಂದು ಕಾಗದದ ರಟ್ಟು ಹಾಕುವುದು, ಸಡಿಲವಾದ ಹೊಲಿಗೆ ಬಿಗಿ ಮಾಡುವುದು, ಮೈದಾ ಅಂಟಿನಲ್ಲಿ ಚೀಟಿ ಅಂಟಿಸುವುದು, ರಿಜಿಸ್ಟರಿನಲ್ಲಿ ಹೆಸರು ಮತ್ತು ಪುಟಗಳ ಸಂಖ್ಯೆ ಬರೆಯುವುದು ನನ್ನ ಪಾಲಿನ ಸೇವೆ. ದಬ್ಬಣ ಹಿಡಿಯುವುದನ್ನೂ ಗಂಟು ಹಾಕುವುದನ್ನೂ ಮೇಷ್ಟ್ರೇ ಕಲಿಸಿದ್ದರು. ಹೀಗಾಗಿ ಎಲ್ಲ ಪುಸ್ತಕವನ್ನೂ ಊರಿನಲ್ಲಿ ಮೊದಲು ಓದುತ್ತಿದ್ದವಳು ನಾನೇ.

ಆ ಸಲ ಬಂದ ಕಟ್ಟಿನಲ್ಲಿ ಅಕ್ಕತಂಗಿಯರ ಕಾದಂಬರಿಯೊಂದಿತ್ತು. ಪ್ರವಾಹದಲ್ಲಿ ದೋಣಿ ಮಗುಚಿ ಇಬ್ಬರು ಹುಡುಗಿಯರು ಬೇರೆಯಾಗುತ್ತಾರೆ. ಅಕ್ಕ ವೈದ್ಯರೊಬ್ಬರ ಮನೆಯಲ್ಲಿ ಬೆಳೆಯುತ್ತಾಳೆ, ತಂಗಿ ಕುಂಬಾರರ ಮನೆಯಲ್ಲಿ. ಎಷ್ಟೋ ವರ್ಷಗಳ ಮೇಲೆ ದಾರಿಬದಿಯ ಬಾವಿಯ ಹತ್ತಿರ ಇಬ್ಬರೂ ಎದುರಾಗುತ್ತಾರೆ. ಅಕ್ಕ ನೀರು ಸೇದಿ ಕೊಡುತ್ತಾಳೆ, ತಂಗಿ ಕುಡಿಯುತ್ತಾಳೆ, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಅಲ್ಲಿಗೆ ಒಂದು ಅಧ್ಯಾಯ ಮುಗಿಯುತ್ತದೆ. ಕೊನೆಯ ಅಧ್ಯಾಯದಲ್ಲಿ ತಂಗಿ ಓಡಿ ಬಂದು, ಅಕ್ಕನ ಮೊಣಕೈಯ ಸುಟ್ಟ ಕಲೆ ನೋಡಿ ಗುರುತು ಹಿಡಿದು, ತಬ್ಬಿಕೊಂಡು ಅಳುತ್ತಾಳೆ.

ಆ ಕೊನೆಯ ಅಧ್ಯಾಯ ಎಂಟು ಹಾಳೆ, ಒಂದೇ ಕಂತೆ. ದಾರ ಬಿಚ್ಚಿ ಆ ಕಂತೆಯನ್ನು ಎಳೆದು ತೆಗೆದೆ. ಮತ್ತೆ ಹೊಲಿದೆ, ರಟ್ಟು ಅಂಟಿಸಿದೆ. ತೆಗೆದ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿ, ಅದರಲ್ಲಿ ಕಾದ ನೀರಿನಲ್ಲಿ ತಲೆಗೆ ಸ್ನಾನ ಮಾಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಪೂರ್ತಿ ಪುಟಗಳ ಸಂಖ್ಯೆಯನ್ನೇ ಬರೆದೆ. ಶನಿವಾರ ಅವಳು ಬಂದಾಗ ಪುಸ್ತಕವನ್ನು ನಾನೇ ಎತ್ತಿ ಕೈಗಿಟ್ಟೆ.

"ನಿಂಗೆ ಅಂತಲೇ ತೆಗೆದಿಟ್ಟಿದ್ದೆ," ಎಂದೆ.

"ನೀವು ಎಷ್ಟು ಒಳ್ಳೆಯವರು ಅಕ್ಕಾ," ಎಂದಳು.

ಮುಂದಿನ ಶನಿವಾರ ಅವಳು ಕಥೆ ಒಪ್ಪಿಸಿದಳು. ಬಾವಿಯ ಹತ್ತಿರ ಬಂದಳು. ಅಕ್ಕ ನೀರು ಕೊಟ್ಟಳು, ತಂಗಿ ಕುಡಿದಳು, ಒಬ್ಬಳು ಆ ಕಡೆ ಹೋದಳು, ಒಬ್ಬಳು ಈ ಕಡೆ ಹೋದಳು, ಎಂದು ಹೇಳಿ ಸುಮ್ಮನಾದಳು. ಸಂತೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ದಂಡಿನ ಹುಡುಗಿಯೊಬ್ಬಳೂ ಮೂಗು ಒರೆಸಿಕೊಂಡಳು. ಪುಸ್ತಕದ ನಿಜವಾದ ಕೊನೆಗಿಂತ ಅದು ಚೆನ್ನಾಗಿತ್ತು. ಅದು ಗೊತ್ತಾದ್ದರಿಂದಲೇ ನನಗೆ ಇನ್ನಷ್ಟು ಉರಿಯಿತು.

ನಾನು ಎದ್ದು ನಿಂತೆ.

"ಮೇಷ್ಟ್ರೇ, ಕಥೆ ಅಲ್ಲಿಗೆ ಮುಗಿಯೋದಿಲ್ಲ. ಇನ್ನೂ ಒಂದು ಅಧ್ಯಾಯ ಇದೆ. ರಟ್ಟು ಹಾಕುವಾಗ ನಾನು ಓದಿದೀನಿ. ರಿಜಿಸ್ಟರು ನೋಡಿ."

ನಾನು ಆಡಿದ ಒಂದೊಂದು ಮಾತೂ ನಿಜ. ಮೇಷ್ಟ್ರು ರಿಜಿಸ್ಟರು ತೆಗೆದು ನೋಡಿದರು, ಪುಸ್ತಕದ ಕೊನೆಯ ಪುಟ ನೋಡಿದರು. ಹದಿನಾರು ಪುಟ ಕಡಿಮೆ.

"ಇಷ್ಟು ತಾನೇ ಸಾರ್ ಇದ್ದದ್ದು?" ಎಂದಳು ಅವಳು. ಅವಳಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. "ನನ್ನ ಅಕ್ಕನೂ ಹಂಗೇ ಹೋದಳು ಸಾರ್. ಬೇರೆ ಮೇಸ್ತ್ರಿ ಜೊತೆ, ಬೇರೆ ಎಸ್ಟೇಟಿಗೆ. ಆಮೇಲೆ ಸಿಗಲೇ ಇಲ್ಲ. ಇದೂ ಹಂಗೇ ಅಂದ್ಕೊಂಡೆ."

ಅರ್ಧಕ್ಕೆ ನಿಂತ ಪುಸ್ತಕವನ್ನು ಪೂರ್ತಿಯೆಂದು ನಂಬಲು ಲೈನಿನಲ್ಲಿ ಹುಟ್ಟಿರಬೇಕು. ಎಸ್ಟೇಟುಗಳಿಗೆ ಆಳು ಒದಗಿಸುವ ಮೇಸ್ತ್ರಿ ಒಂದು ತಂಡವನ್ನು ಕರೆದುಕೊಂಡು ಹೊರಟರೆ ಮನೆಯವರೂ ಹಾಗೆಯೇ ಹರಿದುಹೋಗುತ್ತಿದ್ದರು, ಮುಂದಿನ ಅಧ್ಯಾಯ ಇರುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಅಂದು ಅವಳು ಪೆದ್ದಿಯ ಹಾಗೆ ಕಂಡಳು, ಅಷ್ಟೆ.

ಮೇಷ್ಟ್ರು ಪುಸ್ತಕವನ್ನು ತಿರುಗಿಸಿ ಬೆನ್ನಿನ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದರು. ಅಲ್ಲಿದ್ದ ಗಂಟು ಅವರೇ ನನಗೆ ಕಲಿಸಿದ ಗಂಟು. ಆ ಊರಿನಲ್ಲಿ ಅದು ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ. ತಲೆ ಎತ್ತಿ ನನ್ನನ್ನು ನೋಡಿದರು. ಗೊತ್ತಾಯಿತು ಅವರಿಗೆ. ನನಗೂ ಗೊತ್ತಾಯಿತು, ಅವರಿಗೆ ಗೊತ್ತಾಯಿತೆಂದು. ನಾನು ಕಣ್ಣು ತಗ್ಗಿಸಲಿಲ್ಲ. ಅಧ್ಯಕ್ಷರ ಮಗಳು ನಾನು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಅವಳ ಕಡೆ ಕೈ ಚಾಚಿದರು.

"ಕಾರ್ಡು ಕೊಡಮ್ಮ."

ಅವಳು ಸೆರಗಿನ ಗಂಟು ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡಳು. ಮೇಷ್ಟ್ರು ಕಾರ್ಡನ್ನು ಎರಡು ತುಂಡು ಮಾಡಿದರು. ಸಂತೆಯಲ್ಲಿದ್ದ ರೈಟರಿಗೆ ಸುದ್ದಿ ಮುಟ್ಟಿ ಅವರೂ ಬಂದರು, ಹಿಂದೆಯೇ ಅವಳ ತಾಯಿ.

"ಲೈನಿನೋರಿಗೆ ಜಾಮೀನು ನಿಂತೆನಲ್ಲ, ನನ್ನ ಬುದ್ಧಿಗಿಷ್ಟು!" ಎಂದು ರೈಟರು ಹಣೆ ಚಚ್ಚಿಕೊಂಡರು. "ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿದ್ರೆ ನಿನ್ನ ಅವ್ವಂಗೂ ಕೆಲಸ ಇಲ್ಲ, ತಿಳ್ಕೊ."

"ಅಡಿ ಪಾವಿ!" ಎಂದು ತಮಿಳಿನಲ್ಲಿ ಬೈಯುತ್ತ ತಾಯಿ ಮಗಳ ಜಡೆ ಹಿಡಿದು ಎಳೆದುಕೊಂಡು ಹೋದಳು. ಜಗಲಿಯ ಕೆಳಗೆ, ಗೋಡೆಯ ಆಚೆ ಪಕ್ಕದಲ್ಲಿ, ಹೊಡೆತ ಬೀಳುವ ಸದ್ದು ಕೇಳುತ್ತಿತ್ತು. ಹುಡುಗಿಯ ಅಳು ಮಾತ್ರ ಕೇಳಲಿಲ್ಲ.

ಆಮೇಲೆ ಆ ಸೊಪ್ಪಿನ ಮುದುಕಿಯೇ ಕೇಳಿದಳು:

"ಅಲ್ಲ ಕನವ್ವ, ಕೊನಿಗೇನಾಯ್ತು? ಅಕ್ಕ ತಂಗಿ ಸಿಕ್ಕಿದ್ರಾ? ನೀನಾದ್ರೂ ಹೇಳವ್ವ."

ಎಲ್ಲರೂ ಸರಿಯಾಗಿ ಕೂತರು. ನಾನು ಹೇಳಿದೆ. ಗೋಡೆಯ ಆಚೆಯ ಸದ್ದು ಮುಚ್ಚಿಹೋಗುವಷ್ಟು ದನಿ ಏರಿಸಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕಥೆ ಹೇಳಿರಲಿಲ್ಲ. ತಂಗಿ ಅಕ್ಕನನ್ನು ತಬ್ಬಿಕೊಂಡಾಗ ಹೆಂಗಸರು ಮತ್ತೊಂದು ಸಲ ಅತ್ತರು. ಅವಳಿಗಾಗಿ ಅತ್ತ ಕಣ್ಣೀರು ಇನ್ನೂ ಒಣಗಿರಲಿಲ್ಲ, ಅದರ ಮೇಲೆಯೇ ನನಗಾಗಿ ಅತ್ತರು. ನನ್ನ ಪಟ್ಟ ನನಗೆ ವಾಪಸು ಬಂತು. ನಿಜ ಹೇಳುತ್ತೇನೆ, ಆ ಸಂಜೆ ನಾನು ಸಂತೋಷವಾಗಿದ್ದೆ.

ಮೂರೋ ನಾಲ್ಕೋ ಸಂತೆ ಕಳೆದ ಮೇಲೆ, ನಾನು ಅಪ್ಪನ ಮಂಡಿಯ ಬಾಗಿಲಲ್ಲಿ ಏಲಕ್ಕಿ ಆರಿಸುತ್ತ ಕೂತಿದ್ದಾಗ ಅವಳು ಬಂದಳು. ತಲೆಯ ಮೇಲೆ ಅಕ್ಕಿಯ ಗಂಟು. ಬೈಯುತ್ತಾಳೆ, ಅಪ್ಪನ ಎದುರಿಗೇ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಗಂಟು ಇಳಿಸಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಅಕ್ಕಾ, ಒಂದೇ ಒಂದು ಕೇಳ್ತೀನಿ. ಆ ಪುಸ್ತಕದ ಕೊನೆ ಏನಾಯ್ತು? ಅವತ್ತು ನಾನು ಕೇಳಲಿಲ್ಲ."

"ನಿಂಗ್ಯಾಕೆ ಈಗ ಅದು?"

"ನನಗಲ್ಲ ಅಕ್ಕಾ. ಓದಿದ್ದನ್ನೆಲ್ಲ ನಾನು ಮನೆಯಲ್ಲಿ ತಮಿಳಲ್ಲಿ ಹೇಳ್ತಿದ್ದೆ. ಇದನ್ನೂ ಬಾವಿ ತನಕ ಹೇಳಿದ್ದೆ. ಅಮ್ಮ ದಿನಾ ಕೇಳ್ತಾಳೆ, ಆ ದೊಡ್ಡ ಹುಡುಗಿ ತಿರುಗಿ ಬಂದಳಾ ಅಂತ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಅನುಮಾನವೇ ಇಲ್ಲ ಎಂದು ಆಗ ತಿಳಿಯಿತು. ನಿರಾಳವಾಗಬೇಕಿತ್ತು. ಅದರ ಬದಲು ಅಸಾಧ್ಯ ಸಿಟ್ಟು ಬಂತು. ನನ್ನನ್ನು ಒಳ್ಳೆಯವಳೆಂದು ನಂಬಿಕೊಂಡು ಎದುರಿಗೆ ನಿಂತಿದ್ದಾಳಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಸಿಕ್ಕಿದರು ಎಂಬ ಒಂದು ಮಾತು ಸಾಕಿತ್ತು. ಸಂತೆಯ ಪ್ರತಿಯೊಬ್ಬರಿಗೂ ಕೊಟ್ಟಿದ್ದ ಮಾತು ಅದು.

"ಸಿಗಲಿಲ್ಲ," ಎಂದೆ. "ಬಾವಿ ಹತ್ತಿರಾನೇ ಅಕ್ಕನಿಗೆ ಗುರುತು ಸಿಕ್ಕಿತ್ತು. ಗೊತ್ತಿದ್ದೂ ಗೊತ್ತಿದ್ದೂ ಮಾತಾಡಿಸದೆ ಹೋದಳು. ಬಡವರ ಸಹವಾಸ ಬೇಡ ಅಂತ."

ಅವಳು ಕೆಳಗೆ ಬಿದ್ದಿದ್ದ ಏಲಕ್ಕಿಯೊಂದನ್ನು ಹೆಕ್ಕಿ ಮೊರಕ್ಕೆ ಹಾಕಿದಳು.

"ಪುಸ್ತಕದಲ್ಲಿ ಹಂಗೇ ಬರೆದಿತ್ತಾ ಅಕ್ಕಾ?"

"ಹಂಗೇ ಬರೆದಿತ್ತು."

ಅವಳು ತಲೆಯಾಡಿಸಿದಳು. ಬಗ್ಗಿ ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಎಸ್ಟೇಟಿನ ಲಾರಿ ನಿಂತಿದ್ದ ಕಡೆಗೆ ಹೋದಳು. ಅಚ್ಚಾದದ್ದು ಸುಳ್ಳಿರಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಮನೆಗೆ ಹೋಗಿ ಅವಳು ತಾಯಿಗೆ ಅದನ್ನು ಒಂದಕ್ಷರವೂ ಬಿಡದೆ ಹೇಳಿರುತ್ತಾಳೆ.